ಸಹಾಯ ಬೇಕು: ಹಿತ್ತಲಿನ ಬೇವಿನ ಬೊಡ್ಡೆ ತೆಗೆಯೋದು ಹೇಗೆ? (ಕಲಬುರಗಿ)

ಎಲ್ಲರಿಗೂ ನಮಸ್ಕಾರ ರೀ. ನಮ್ಮ ಮನೆ ಬ್ರಹ್ಮಪುರದ ಹಳೆಯ ಓಣಿಯಲ್ಲಿದೆ. ಹಿತ್ತಲಿನ ದೊಡ್ಡ ಬೇವಿನ ಮರ ಹೋದ ವರ್ಷ ಗಾಳಿಗೆ ವಾಲಿತು, ಕಡಿಸಬೇಕಾಯಿತು. ಅದರ ನೆರಳಲ್ಲೇ ಬೆಳೆದವನು ನಾನು, ಇನ್ನೂ ಬೇಜಾರಿದೆ.

ಈಗ ಬೊಡ್ಡೆ ಉಳಿದಿದೆ. ಎರಡೂವರೆ ಅಡಿ ಅಗಲ. ತಾನಾಗಿ ಒಣಗುತ್ತೆ ಅಂದಿದ್ದರು. ಆದರೆ ಬೇವು ಬುಡದಿಂದ ಮತ್ತೆ ಚಿಗುರುವ ಮರ ಅಲ್ವಾ, ಎಷ್ಟು ಸಲ ಮುರಿದರೂ ಬರುತ್ತಿದೆ.

ಸಂದಿ ನಾಲ್ಕೇ ಅಡಿ, ಜೆಸಿಬಿ ಬರುವುದಿಲ್ಲ. ಇಬ್ಬರು ಆಳು ಹಾರೆ, ಗುದ್ದಲಿ ಹಿಡಿದು ಇಡೀ ದಿನ ಅಗೆದರು. ನಮ್ಮದು ಎರೆ ಮಣ್ಣು. ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಲ್ಲಿನ ಹಾಗಾಗುತ್ತದೆ, ನೀರು ಬಿಟ್ಟರೆ ಗುದ್ದಲಿಗೇ ಅಂಟಿಕೊಳ್ಳುತ್ತದೆ. ಒಂದೂವರೆ ಅಡಿ ಆಳಕ್ಕೆ ನಿಂತುಹೋಯಿತು. ತೊಡೆ ದಪ್ಪದ ಒಂದು ಬೇರು ಅಡುಗೆಮನೆ ಗೋಡೆಯ ಕೆಳಗೆ ಹೋಗಿದೆ. ಅಲ್ಲಿ ಎರಡು ಶಹಾಬಾದ್ ಫರಸಿ ಮೇಲೆದ್ದಿವೆ. ನನ್ನ ದೊಡ್ಡ ಚಿಂತೆ ಅದೇ.

ಸುಟ್ಟುಬಿಡಿ ಅಂತಾರೆ, ಆದರೆ ಪಕ್ಕದವರ ಕಟ್ಟಿಗೆ ರಾಶಿ ಮೂರೇ ಅಡಿ ದೂರ. ತೂತು ಕೊರೆದು ಉಪ್ಪು ತುಂಬಿ ಅಂತಲೂ ಹೇಳಿದರು. ಉಪ್ಪು ಮಣ್ಣಿಗಿಳಿದರೆ ಅಮ್ಮನ ಕರಿಬೇವು, ನುಗ್ಗೆ ಉಳಿಯುತ್ತವಾ?

ಚೈನ್ ಪುಲ್ಲಿ ಹಾಕಿ ಎಳೆಸಿದವರು ಯಾರಾದರೂ ಇದ್ದೀರಾ? ಪುಲ್ಲಿಯನ್ನು ಯಾವುದಕ್ಕೆ ಕಟ್ಟಿದಿರಿ? ಗೋಡೆ ಕೆಳಗಿನ ಬೇರನ್ನು ಕತ್ತರಿಸಿ ಅಲ್ಲೇ ಬಿಟ್ಟರೆ, ಕೊಳೆತ ಮೇಲೆ ಪಾಯ ಕುಸಿಯುತ್ತಾ? ಬೊಡ್ಡೆ ಅರೆಯುವ ಸಣ್ಣ ಮಷಿನ್ ಕಲಬುರಗಿ, ಶಹಾಬಾದ್ ಅಥವಾ ಆಳಂದ ಕಡೆ ಬಾಡಿಗೆಗೆ ಸಿಗುತ್ತಾ? ಮಳೆ ಶುರುವಾಗುವ ಮೊದಲೇ ಮುಗಿಸಬೇಕು. ಗೊತ್ತಿದ್ದವರು ದಯವಿಟ್ಟು ಹೇಳಿ.