ಫ್ರಿಜ್ ಉಪ್ಪಿನಕಾಯಿ: ಸೌತೆ ಮೆತ್ತಗಾಗದಂತೆ ಏನು ಮಾಡಬೇಕು?

ಪ್ರಶ್ನೆ (ಶಿರಸಿ): ಕುಮಟಾ ಈರುಳ್ಳಿ, ಎಳೆಸೌತೆ, ಕ್ಯಾರೆಟ್ ಸೇರಿಸಿ ವಿನೆಗರ್‌ನಲ್ಲಿ ಹಾಕಿದೆ. ಎರಡೇ ದಿನಕ್ಕೆ ಸೌತೆ ಮೆತ್ತಗಾಯ್ತು, ಬೆಳ್ಳುಳ್ಳಿ ನೀಲಿಯಾಯ್ತು. ಬಿಸಾಡಬೇಕಾ?

ಉತ್ತರ (ಕುಮಟಾ): ಬೇಡ. ಬೆಳ್ಳುಳ್ಳಿಯ ಗಂಧಕದ ಅಂಶ ಹುಳಿಗೆ ಸಿಕ್ಕಾಗ ಹಾಗೆ ಬಣ್ಣ ತಿರುಗುತ್ತದೆ, ತಿನ್ನಬಹುದು. ಸೌತೆಯ ಹೂವಿನ ತುದಿಯಲ್ಲಿ ಕಾಯಿಯನ್ನು ಮೆತ್ತಗಾಗಿಸುವ ಕಿಣ್ವ ಇರುತ್ತದೆ. ಆ ತುದಿಯನ್ನು ಅರ್ಧ ಸೆಂಟಿಮೀಟರ್ ಕತ್ತರಿಸಿ ತೆಗೆಯಿರಿ. ಹೋಳಿಗೆ ಉಪ್ಪು ಸವರಿ 30 ನಿಮಿಷ ಬಿಟ್ಟು, ತೊಳೆದು, ನೀರು ಬಸಿದು ಹಾಕಿ. ವಿನೆಗರ್ ನೀರನ್ನು ಕುದಿಕುದಿ ಸುರಿದಿರಾ?

ಪ್ರಶ್ನೆ ಕೇಳಿದವರು: ಹೌದು, ಕುದಿಯುವಾಗಲೇ.

ಉತ್ತರ (ಕುಮಟಾ): ಅದೇ ಮುಖ್ಯ ಕಾರಣ. ಬಿಸಿ ಕ್ಯಾರೆಟ್‌ಗೆ ಸರಿ, ಸೌತೆಗೆ ಪೂರ್ತಿ ತಣಿಸಿಯೇ ಹಾಕಬೇಕು.

ಉತ್ತರ (ಕಾರವಾರ): ಅಳತೆ ನೋಡಿಕೊಳ್ಳಿ. ವಿನೆಗರ್ 1 ಕಪ್, ನೀರು 1 ಕಪ್, ಉಪ್ಪು 1 ದೊಡ್ಡ ಚಮಚ, ಸಕ್ಕರೆ 2 ಸಣ್ಣ ಚಮಚ, ಕಾಳುಮೆಣಸು 10. ಇದು ಶೇ. 5ರ ವಿನೆಗರ್‌ಗೆ, ಲೇಬಲ್‌ನಲ್ಲಿ ಶೇ. 4 ಎಂದಿದ್ದರೆ ನೀರು ಅರ್ಧ ಕಪ್ ಸಾಕು. ಗಾಜಿನ ಬಾಟಲಿಯಲ್ಲಿ ಹೋಳು ಪೂರ್ತಿ ಮುಳುಗಿರಲಿ. ಈರುಳ್ಳಿ ಮರುದಿನಕ್ಕೇ ಗುಲಾಬಿಯಾಗಿ ತಯಾರು. ಹೊರಗೆ ಮಾತ್ರ ಇಡಬೇಡಿ: ಭರಣಿಯ ಮಾವಿನಮಿಡಿಯನ್ನು ಕಾಯುವಷ್ಟು ಉಪ್ಪು ಇದರಲ್ಲಿಲ್ಲ. 2 ವಾರದೊಳಗೆ ಮುಗಿಸಿ.