ಡೆಲ್ ವಾಲೆ ಕೆರೆ ಹತ್ರ ಕ್ಯಾಂಪಿಂಗ್, ಅತ್ತೆ ಮಾವನ್ನ ಕರ್ಕೊಂಡು ಹೋಗ್ಬಹುದಾ?

ಕ್ಯಾಲಿಫೋರ್ನಿಯಾದ ಬೇ ಏರಿಯಾದೋರು (ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ ಇರೋರು) ಯಾರಾದ್ರೂ ಲಿವರ್‌ಮೋರ್ ಪಕ್ಕದ ಡೆಲ್ ವಾಲೆ ಪಾರ್ಕಲ್ಲಿ ಟೆಂಟ್ ಹಾಕಿದೀರಾ? ಜುಲೈನಲ್ಲಿ ಎರಡು ರಾತ್ರಿ ಬುಕ್ ಮಾಡಿದೀವಿ, ಊರಿಂದ ಅತ್ತೆ ಮಾವ ಬಂದಿದಾರೆ, 4 ವರ್ಷದ ಮಗಳೂ ಇದಾಳೆ, ಬಿಸಿಲು ತಡೀತಾರಾ ಅಂತ ಭಯ.

>> ಹೋದ ವರ್ಷ ಹೋಗಿದ್ವಿ. ಕೆಲವು ದಿನ ಮಧ್ಯಾಹ್ನ 38 ಡಿಗ್ರಿ ದಾಟತ್ತೆ, ಆದ್ರೆ ರಾತ್ರಿ ತಣ್ಣಗಾಗತ್ತೆ, ಹಿರಿಯರಿಗೆ ಸ್ವೆಟರ್ ಬೇಕೇ ಬೇಕು, ಮಡಚೋ ಮಂಚಾನೂ ತಗೊಂಡೋಗಿ, ನೆಲದ ಮೇಲೆ ಮಲಗಿ ನಮ್ಮಮ್ಮಂಗೆ ಸೊಂಟ ಹಿಡ್ಕೊಂಡಿತ್ತು ಪಾಪ. ಮೊದಲ್ನೇ ದಿನಕ್ಕೆ ಪುಳಿಯೋಗರೆ ಕಟ್ಕೊಳಿ.

>> ಮಗೂನ ನೀರಿಗೆ ಬಿಡೋ ಮುಂಚೆ ಬೋರ್ಡ್ ನೋಡಿ, ಬೇಸಿಗೇಲಿ ಒಂದೊಂದ್ಸಲ ವಿಷದ ಪಾಚಿ ಬಂದು ಈಜು ನಿಲ್ಲಿಸ್ತಾರೆ. ಊಟದ ಡಬ್ಬಿ ಕಾರಲ್ಲೇ ಇಡಿ, ರಕೂನ್ ಅನ್ನೋ ಕಾಡುಪ್ರಾಣಿ ತಿನ್ನೋಕೆ ಬರ್ತವೆ.

>> ತುಂಬಾ ಥ್ಯಾಂಕ್ಸ್, ಮಂಚ ಇವತ್ತೇ ತರ್ತೀವಿ.