ಬೀರುವಿನಲ್ಲಿ ಉಳಿದ ಮಾತ್ರೆ: ಅರಕಲಗೂಡಿನ ತಂಗಿಗೆ

ಎಲ್ಲರಿಗೂ ನಮಸ್ಕಾರ. ಅರಕಲಗೂಡಿನ ತಂಗಿ ನಿನ್ನೆ ರಾತ್ರಿ ಕಳುಹಿಸಿದ ಧ್ವನಿ ಸಂದೇಶವನ್ನು ಎರಡು ಸಲ ಕೇಳಿದೆ. ಆಟಿಸಂ ಇರುವ ಎಂಟು ವರ್ಷದ ಮಗ ಕೈ ಕಚ್ಚಿಕೊಳ್ಳುತ್ತಾನೆ, ಗೋಡೆಗೆ ತಲೆ ಚಚ್ಚಿಕೊಳ್ಳುತ್ತಾನೆ, ಡಾಕ್ಟರು ರಿಸ್ಪೆರಿಡೋನ್ ಎಂಬ ಮಾತ್ರೆ ಬರೆದುಕೊಟ್ಟು ಹನ್ನೆರಡು ದಿನವಾಯಿತು, ಆದರೆ ‘ಹುಚ್ಚಿನ ಮಾತ್ರೆ ಕೊಟ್ಟರೆ ಮಗು ಮಂಕಾಗುತ್ತದೆ’ ಎಂದು ಅತ್ತೆ ಅಳುತ್ತಿರುವುದರಿಂದ ಅದು ಬೀರುವಿನಲ್ಲೇ ಇದೆ ಎಂದಿರಿ. ಇದನ್ನು ಟೈಪು ಮಾಡಿದರೆ ಅರ್ಧ ಬಿಟ್ಟುಹೋಗುತ್ತದೆ ಎಂದು ಮಾತಿನಲ್ಲೇ ಹೇಳುತ್ತಿದ್ದೇನೆ. ಉದ್ದವಾದರೂ ಪೂರ್ತಿ ಕೇಳಿ.

ಕೊಡಿ ಎಂದಾಗಲಿ ಬೇಡ ಎಂದಾಗಲಿ ನಾನು ಹೇಳಲಾರೆ, ಅದು ನೀವು ಮತ್ತು ಮಗುವನ್ನು ಕಂಡ ಡಾಕ್ಟರು ಕೂತು ಮಾಡಬೇಕಾದ ತೀರ್ಮಾನ. ಆದರೆ ಆ ಮಾತ್ರೆಯಿಂದ ಏನು ಬದಲಾಗಬೇಕು ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳಿ ಎಂದು ಕೈಮುಗಿದು ಕೇಳುತ್ತೇನೆ. ಆಟಿಸಂ ವಾಸಿ ಮಾಡುವ ಮಾತ್ರೆ ಇಲ್ಲ. ಅಮೆರಿಕದ ಔಷಧ ಇಲಾಖೆ 2006ರಲ್ಲಿ ರಿಸ್ಪೆರಿಡೋನಿಗೆ, 2009ರಲ್ಲಿ ಅದೇ ಬಗೆಯ ಅರಿಪಿಪ್ರಜೋಲಿಗೆ ಒಪ್ಪಿಗೆ ಕೊಟ್ಟಿದ್ದು ಆಟಿಸಂ ಇರುವ ಮಕ್ಕಳು ತಡೆಯಲಾಗದೆ ಸಿಟ್ಟಾಗುವುದಕ್ಕೆ, ಹೊಡೆಯುವುದಕ್ಕೆ, ತಮ್ಮನ್ನು ತಾವೇ ಗಾಯ ಮಾಡಿಕೊಳ್ಳುವುದಕ್ಕೆ, ಮಾತು ಬರಿಸುವುದಕ್ಕಲ್ಲ. ಇದನ್ನು ನನಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಹಾಗಾಗಿ ಆಟಿಸಂ ಇರುವ ನನ್ನ ಮಗನಿಗೆ ಈ ಮಾತ್ರೆ ಕೊಡುತ್ತಿದ್ದಾಗ, ಮಾತು ಬರಲಿಲ್ಲವೆಂದು ಮೂರನೇ ತಿಂಗಳಿಗೆ ನಾನೇ ನಿಲ್ಲಿಸಿದೆ. ನಾಲ್ಕು ದಿನಕ್ಕೆ ಮಗನ ನಿದ್ದೆ ಹೋಯಿತು, ವಾರ ತುಂಬುವುದರೊಳಗೆ ಮುಂಗೈ ಕಚ್ಚಿ ರಕ್ತ ಬರಿಸಿಕೊಂಡ. ಅವನಿಗೆ ಈಗ ಹದಿನಾಲ್ಕು, ಆ ಹಲ್ಲಿನ ಗುರುತು ಇನ್ನೂ ಹೋಗಿಲ್ಲ. ಬಿಡುವುದಾದರೂ ಡಾಕ್ಟರು ಹೇಳಿದ ಹಾಗೆ ಸ್ವಲ್ಪ ಸ್ವಲ್ಪವೇ ಇಳಿಸಿ ಬಿಡಬೇಕು.

ತಲೆ ಚಚ್ಚಿಕೊಳ್ಳುವುದು ಇತ್ತೀಚೆಗೆ ಒಮ್ಮೆಲೇ ಹೆಚ್ಚಾಗಿದ್ದರೆ ಹಲ್ಲು, ಕಿವಿ, ಹೊಟ್ಟೆ ಮೂರನ್ನೂ ತೋರಿಸಿ. ನನ್ನ ಮಗ ಒಂದು ಮಳೆಗಾಲವಿಡೀ ಎಡಗೆನ್ನೆಗೆ ಹೊಡೆದುಕೊಂಡ; ಕೊನೆಗೆ ನೋಡಿದರೆ ಒಳಗಿನ ದವಡೆ ಹಲ್ಲು ಪೂರ್ತಿ ಹುಳುಕಾಗಿತ್ತು.

ದಿನಾ ಬರೆದಿಡುವ ಪುಸ್ತಕದ ವಿಷಯ ಹೇಳುತ್ತೇನೆ. ಒಂದು ಉದ್ದ ನೋಟ್‌ಬುಕ್ ತೆಗೆದುಕೊಂಡು ಗೆರೆ ಎಳೆಯಿರಿ: ದಿನಕ್ಕೆ ಎಷ್ಟು ಸಲ ಕಚ್ಚಿಕೊಂಡ, ಎಷ್ಟು ಗಂಟೆಗೆ ಮಲಗಿ ಎಷ್ಟಕ್ಕೆ ಎದ್ದ, ಎಷ್ಟು ಉಂಡ, ವಾರಕ್ಕೊಮ್ಮೆ ತೂಕ. ಶುರು ಮಾಡುವ ಮೊದಲಿನ ಎರಡು ಮೂರು ದಿನವನ್ನೂ ಬರೆಯಿರಿ, ಇಲ್ಲದಿದ್ದರೆ ಆಮೇಲೆ ಯಾವುದಕ್ಕೆ ಹೋಲಿಸಿ ನೋಡುತ್ತೀರಿ? ತೂಕದ ಸಾಲು ಬಹಳ ಮುಖ್ಯ, ಏಕೆಂದರೆ ಈ ಮಾತ್ರೆಗೆ ಹಸಿವು ವಿಪರೀತವಾಗಬಹುದು. ನನ್ನ ಮಗನಿಗೆ ಎರಡನೇ ಸಲ ಶುರು ಮಾಡಿದಾಗ ಕಚ್ಚಿಕೊಳ್ಳುವುದು ದಿನಕ್ಕೆ ಹತ್ತು ಹನ್ನೆರಡು ಸಲ ಇದ್ದದ್ದು ಎರಡು ಮೂರಕ್ಕೆ ಇಳಿಯಿತು, ಆದರೆ ನಾಲ್ಕು ತಿಂಗಳಲ್ಲಿ 22 ಕೆಜಿ ಇದ್ದವನು 27 ಆದ. ರಾತ್ರಿ ಎರಡು ಗಂಟೆಗೆ ಅಡುಗೆಮನೆಯಲ್ಲಿ ಕತ್ತಲೆಯಲ್ಲೇ ನಿಂತು, ಡಬ್ಬಿಯಲ್ಲಿದ್ದ ತಂಗಳು ಅಕ್ಕಿರೊಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ತಿನ್ನುತ್ತಿದ್ದ ಅವನನ್ನು ಕಂಡಾಗ ನನಗೆ ಅಳು ತಡೆಯಲಾಗಲಿಲ್ಲ. ಡಾಕ್ಟರು ಆ ಎರಡು ಸಾಲನ್ನೂ ಪಕ್ಕಪಕ್ಕದಲ್ಲಿ ನೋಡಿದ ಮೇಲೆಯೇ ಡೋಸ್ ಇಳಿಸಿದರು, ಸಕ್ಕರೆ ಮತ್ತು ಕೊಬ್ಬಿನ ರಕ್ತಪರೀಕ್ಷೆ ಮಾಡಿಸಿದರು.

ನಿಮ್ಮ ಅತ್ತೆಯವರ ಭಯ ಸುಳ್ಳಲ್ಲ, ಮೊದಮೊದಲು ಮಂಪರು ಇರುತ್ತದೆ. ಅದಕ್ಕೇ ಬಹಳ ಕಡಿಮೆಯಿಂದ ಶುರು ಮಾಡುತ್ತಾರೆ, ಸಾಮಾನ್ಯವಾಗಿ 20 ಕೆಜಿಗಿಂತ ಕಡಿಮೆ ಇರುವ ಮಕ್ಕಳಿಗೆ ದಿನಕ್ಕೆ 0.25 ಮಿಲಿಗ್ರಾಂ, ಅದಕ್ಕೆ ಮೇಲ್ಪಟ್ಟವರಿಗೆ 0.5. ನಿಮ್ಮ ಚೀಟಿಯಲ್ಲಿರುವುದು ಎಷ್ಟು, ರಾತ್ರಿ ಕೊಡಬಹುದೇ ಎಂದು ಡಾಕ್ಟರನ್ನೇ ಕೇಳಿ. ಹಗಲಿಡೀ ತೂಕಡಿಸುವಷ್ಟು ಮಂಪರಾದರೆ ಮುಂದಿನ ತಾರೀಖಿಗೆ ಕಾಯದೆ ಫೋನ್ ಮಾಡಿ ಹೇಳಿ. ಎಬ್ಬಿಸಿದರೂ ಏಳದಿದ್ದರೆ, ಕತ್ತು ಒಂದು ಕಡೆಗೆ ಸೆಟೆದುಕೊಂಡರೆ, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಂಡರೆ, ಜ್ವರದ ಜೊತೆ ಮೈ ಬಿಗಿಯಾದರೆ ಫೋನೂ ಬೇಡ, ನೇರ ಆಸ್ಪತ್ರೆಗೆ ಹೊರಡಿ. ಅಪರಾತ್ರಿಯಲ್ಲಿ ಮನಸ್ಸಿಗೆ ಗಾಬರಿಯಾಗಿ ಯಾರನ್ನು ಕೇಳುವುದೆಂದು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಇದೆ, ಕನ್ನಡದಲ್ಲೇ ಮಾತನಾಡಬಹುದು, ದುಡ್ಡು ಕೊಡಬೇಕಿಲ್ಲ.

ಮುಂದಿನ ಸಲ ಅತ್ತೆಯವರನ್ನೂ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ನಮ್ಮ ಮಾವನವರೂ ಹೀಗೆಯೇ ಹಟ ಹಿಡಿದಿದ್ದರು. ಬೆಳಗಿನ ಜಾವದ ಬಸ್ಸಿನಲ್ಲಿ ನಮ್ಮ ಜೊತೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಬಂದು, ತಮಗಿದ್ದ ಅನುಮಾನವನ್ನೆಲ್ಲ ತಾವೇ ಕೇಳಿ ಉತ್ತರ ಪಡೆದ ದಿನದಿಂದ ಮೊಮ್ಮಗನಿಗೆ ರಾತ್ರಿಯ ಮಾತ್ರೆಯನ್ನು ಅವರೇ ಕೊಡುತ್ತಿದ್ದಾರೆ.

ನಮ್ಮ ಹಳೆಯ ಪುಸ್ತಕದ ಎರಡು ಪುಟಗಳ ಫೋಟೋವನ್ನು ಇದರ ಕೆಳಗೆ ಹಾಕುತ್ತೇನೆ, ಗೆರೆ ಹೇಗೆ ಎಳೆದಿದ್ದೇನೆ ನೋಡಿಕೊಳ್ಳಿ. ಅತ್ತೆಯವರು ಒಪ್ಪಿದರೆ ಸಂಜೆ ಐದರ ಮೇಲೆ ಫೋನ್ ಮಾಡಿಸಿ, ಮಾವನವರು ಅವರೊಂದಿಗೆ ಮಾತನಾಡುತ್ತೇನೆ ಎಂದಿದ್ದಾರೆ.